ಬಾಡಿಗೆ ಗಂಟಲು

“ಇನ್ನೂ ದೈನ್ಯ ಬೇಕು ಕಣೇ. ಏನು ಸೊಸೇನ ಬಯ್ಯೋ ಅತ್ತೆ ಥರ ಬೇಡ್ಕೊಳ್ತೀಯ? ನಿನ್ನಂಥೋರಿಗೆ ಇದನ್ನೂ ಹೇಳಿಕೊಡ್ಬೇಕಾ?”

ಗಾಜಿನಾಚೆಯಿಂದ ಡೈರೆಕ್ಟರು ಬೈದದ್ದು ಹೆಡ್‌ಫೋನಿನಲ್ಲಿ ನೇರವಾಗಿ ತಲೆಯೊಳಕ್ಕೇ ಬಂತು. ತಪ್ಪಾಯ್ತು ಸಾರ್ ಎಂದೆ. ಅದನ್ನು ಮಾತ್ರ ಬಹಳ ಚೆನ್ನಾಗಿ ಹೇಳಿದೆನಂತೆ. ಅದೇ ಧಾಟಿ ಇರಲಿ ಎಂದರು.

ಈ ಡಬ್ಬಿಂಗ್ ಸ್ಟುಡಿಯೋದಲ್ಲಿ ನನ್ನ ಕೆಲಸ ಕಸ ಗುಡಿಸುವುದು, ಕಕ್ಕಸು ತೊಳೆಯುವುದು. ಕಿರುಚುವುದು ಆಮೇಲೆ ಅಂಟಿಕೊಂಡದ್ದು. ಒಮ್ಮೆ ವರಾಂಡ ಒರೆಸುವಾಗ ಕಾಲಿನ ಮೇಲೆ ಕಬ್ಬಿಣದ ಸ್ಟ್ಯಾಂಡು ಬಿದ್ದು ಅರಚಿಕೊಂಡೆ. ಡೈರೆಕ್ಟರು ಓಡಿ ಬಂದರು. ಪಾಪ, ಕಾಲು ನೋಡಲು ಬಂದರು ಎಂದುಕೊಂಡೆ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅಂದಿನಿಂದ ಸಿನಿಮಾದಲ್ಲಿ ಯಾವ ಕೂಲಿ ಹೆಂಗಸು ಒದೆ ತಿಂದರೂ, ಯಾರ ಗುಡಿಸಲಿಗೆ ಬೆಂಕಿ ಬಿದ್ದರೂ ಅರಚುವವಳು ನಾನೇ. ಮುಖ ಬೆಣ್ಣೆಯಂಥ ನಾಯಕಿಯದು, ಅದಕ್ಕೆ ನಮ್ಮ ಬಣ್ಣ ಬಳಿದಿರುತ್ತಾರೆ. ಗಂಟಲು ನನ್ನದು. ಇದನ್ನು ಕಲೆ ಎಂದು ತಿಳಿದು ನಾನು ನಮ್ಮ ಬೀದಿಯಲ್ಲಿ ಸ್ವಲ್ಪ ಎದೆ ಸೆಟೆಸಿಯೇ ಓಡಾಡುತ್ತಿದ್ದೆ.

ಇವತ್ತು ಮೊದಲ ಸಲ ಮಾತು ಸಿಕ್ಕಿತ್ತು. ಉಪ್ಪುನೀರು ಮುಕ್ಕಳಿಸಿ, ಒಳ್ಳೆಯ ಸೀರೆ ಉಟ್ಟು ಬಂದಿದ್ದೆ. ದನಿ ಕೊಡಲು ಸೀರೆ ಯಾಕೆ ಎಂದು ಕೇಳಬೇಡಿ, ನನಗೂ ಹೊಳೆಯಲಿಲ್ಲ. ಮಾತು ಇಷ್ಟೇ: “ಧಣೀ, ನಿಮ್ಮ ಕಾಲಿಗೆ ಬೀಳ್ತೀನಿ, ಬಿಟ್ಬಿಡಿ.” ಪರದೆಯ ಮೇಲೆ ಕಸ ಗುಡಿಸುತ್ತಿರುವ ನಾಯಕಿಯ ಸೊಂಟಕ್ಕೆ ಮಾಲೀಕ ಕೈ ಹಾಕುತ್ತಾನೆ. ಅವಳು ಕೈಯಲ್ಲಿದ್ದ ಪೊರಕೆ ಬಿಸಾಕಿ ಕೈಮುಗಿಯುತ್ತಾಳೆ, ತುಟಿ ನಡುಗಿಸುತ್ತಾಳೆ. ಆ ನಡುಕಕ್ಕೆ ಸರಿಯಾಗಿ ನಾನು ಮಾತು ಕೂರಿಸಬೇಕು.

ಆ ದೈನ್ಯ ನನಗೆ ಬರುತ್ತಲೇ ಇಲ್ಲ. ನಿನ್ನೆಯಷ್ಟೇ ಅದನ್ನು ಮಗಳಿಗೆ ಕಲಿಸಿದ ಮಹಾತಾಯಿ ನಾನು.

ಮಗಳು ಬಟ್ಟೆ ಹೊಲಿಯುವ ಫ್ಯಾಕ್ಟರಿಯಲ್ಲಿದ್ದಾಳೆ. ಮೊನ್ನೆ ಸೂಪರ್‌ವೈಸರು ಮೈಮೇಲೆ ಕೈ ಹಾಕಿದ್ದಕ್ಕೆ ಎಲ್ಲರಿಗೂ ಕೇಳುವ ಹಾಗೆ ಉಗಿದು ಬಂದಳು. ಇವತ್ತು ಸಂಜೆಯೊಳಗೆ ಎಲ್ಲರೆದುರು ತಪ್ಪೊಪ್ಪಿಕೊಂಡರೆ ಕೆಲಸ, ಇಲ್ಲದಿದ್ದರೆ ಇಲ್ಲ. ಅವಳ ಸಂಬಳ ನಿಂತರೆ ನಮ್ಮ ಒಲೆ ಹತ್ತುವುದಿಲ್ಲ. ಬಡವರ ಕೋಪ ದವಡೆಗೆ ಮೂಲ ಕಣೇ ಎಂದು ನಾನೇ ಅವಳನ್ನು ಎದುರು ಕೂರಿಸಿಕೊಂಡು ಪಾಠ ಮಾಡಿದೆ. ತಲೆ ತಗ್ಗಿಸು, ‘ಸಾರ್’ ಎನ್ನುವಾಗ ಗಂಟಲು ನಡುಗಿಸು, ಕೊನೆಗೊಂದು ಬಿಕ್ಕು ಇರಲಿ. ದೊಡ್ಡ ಕಲಾವಿದೆಯಲ್ಲವೇ ನಾನು.

ಎಲ್ಲ ಕೇಳಿಸಿಕೊಂಡು ಮಗಳು, “ನೀನೇ ಬಂದು ಹೇಳಮ್ಮ. ನಿನಗೆ ರೂಢಿ ಇದೆ,” ಎಂದಳು. ಊಟ ಮಾಡದೆ ಮಲಗಿದಳು. ಆ ಮಾತು ನನ್ನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಉಪ್ಪುನೀರಿಗೂ ಇಳಿದಿರಲಿಲ್ಲ.

ಡೈರೆಕ್ಟರು ಮತ್ತೆ ಶುರುಮಾಡು ಎಂದರು. ಪರದೆಯ ಮೇಲೆ ಆ ಕೈ ಮತ್ತೆ ಸೊಂಟಕ್ಕೆ ಬಂತು. ನನಗೆ ನಾಯಕಿ ಕಾಣಲಿಲ್ಲ, ಮಗಳು ಕಂಡಳು. ಅವಳು ಮೊನ್ನೆ ಸೂಪರ್‌ವೈಸರಿಗೆ ಅಂದದ್ದೇ ನನ್ನ ಬಾಯಿಂದ ಮೈಕಿಗೆ ಬಿತ್ತು.

“ತೆಗಿಯೋ ಕೈನ, ಬೇವರ್ಸಿ ನನ್ಮಗನೇ. ಇನ್ನೊಂದ್ಸಲ ಮುಟ್ಟಿದ್ರೆ ಆ ಕೈ ಕಿತ್ತು ಇನ್ನೊಂದು ಕೈಗೆ ಕೊಡ್ತೀನಿ.”

ಸೌಂಡಿನವನು ನಗು ತಡೆಯಲಾಗದೆ ಕೆಮ್ಮಿದ. ಪರದೆಯಲ್ಲಿ ನಾಯಕಿ ಆ ಬೈಗುಳವನ್ನು ಕೈಮುಗಿದುಕೊಂಡು, ಕಣ್ಣೀರು ಸುರಿಸಿಕೊಂಡು ಬೈಯುತ್ತಿದ್ದಳು.

“ತುಟಿಗೆ ಮಾತು ಕೂರ್ತಿಲ್ಲ ಸಾರ್,” ಎಂದ ಸೌಂಡಿನವನು.

ಡೈರೆಕ್ಟರು ಬಾಗಿಲು ತಳ್ಳಿಕೊಂಡು ಒಳಗೇ ಬಂದರು. “ನಿನ್ನಂಥೋಳು ಹಿಂಗೆ ಮಾತಾಡ್ತಾಳೇನೇ? ಯಾರು ನಂಬ್ತಾರೆ?” ಸರಿಯಾಗಿ ಹೇಳು, ಇಲ್ಲದಿದ್ದರೆ ನಾಳೆಯಿಂದ ಗುಡಿಸಲಿಕ್ಕೂ ಬರಬೇಡ ಎಂದರು.

“ನನ್ನ ಮಾತು ಸರಿಯಾಗೇ ಇದೆ ಸಾರ್. ಅವಳ ತುಟಿ ಬದಲಾಯಿಸಿ.”

ಆಗಲೂ ‘ಸಾರ್’ ಬಿಡಲಿಲ್ಲ ನೋಡಿ, ಹುಟ್ಟುಗುಣ ಸುಟ್ಟರೂ ಹೋಗದು. ಹೆಡ್‌ಫೋನು ತೆಗೆದಿಟ್ಟು ಹೊರಗೆ ಬಂದೆ. ಬಾಗಿಲ ಪಕ್ಕ ನನ್ನ ಪೊರಕೆ ಒರಗಿತ್ತು. ಸ್ಟುಡಿಯೋದವರ ಪೊರಕೆ ಅದು. ಎತ್ತಿಕೊಂಡೆ.

ನೇರ ಮಗಳ ಫ್ಯಾಕ್ಟರಿಗೆ ಹೋದೆ. ಗೇಟಿನ ಬಳಿ ಅವಳು ಇನ್ನೂ ಒಳಗೆ ಹೋಗದೆ ನಿಂತಿದ್ದಳು. ಕಣ್ಣು ಊದಿತ್ತು. ತುಟಿ ಅಲುಗುತ್ತಿತ್ತು; ನಾನು ಕಲಿಸಿದ್ದನ್ನು ಬಾಯಿಪಾಠ ಮಾಡುತ್ತಿದ್ದಳು. ಪೊರಕೆ ಯಾಕಮ್ಮ ಎಂದು ಕೇಳಿದಳು. ನನ್ನ ಕೆಲಸವೂ ಹೋಯಿತು ಎಂದೆ.

ಅವಳು ಗಂಟಲು ಸರಿಮಾಡಿಕೊಂಡಳು. “ಹಂಗಾದ್ರೆ ನಾನು ಹೇಳ್ಲೇಬೇಕು. ಎಲ್ಲಿ ನಡುಗಿಸ್ಬೇಕು ಅಂದಿದ್ದೆ?”

“ಎಲ್ಲೂ ಬೇಡ. ಮೊನ್ನೆ ಅಂದಿದ್ದನ್ನೇ ಇನ್ನೊಂದ್ಸಲ ಅನ್ನು. ಎಲ್ಲರೆದುರು ಹೇಳು ಅಂತ ತಾನೇ ಅವನು ಕರೆದಿರೋದು?”

ಮಗಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಕಾವಲಿನವನು ನನ್ನ ಪೊರಕೆ ನೋಡಿ, ಗುಡಿಸೋಕೆ ಬಂದವಳಾ ಎಂದು ಕೇಳಿದ. ಹೌದಪ್ಪ ಎಂದೆ. ಅವನು ಗೇಟು ತೆಗೆದ.