ದಂಡೆಯಲ್ಲಿ ನಿಂತ ಭಾವ

ಸರೋವರದ ದಂಡೆಯ ಮನೆಗಳನ್ನು ಮಾರಿಸಿಕೊಡುವುದೇ ಕಸುಬಾಗಿದ್ದ ನಮ್ಮ ಭಾವ ಆ ಸರೋವರಕ್ಕೆ ಎಂದೂ ಮುಖ ಕೊಟ್ಟು ನಿಂತವರಲ್ಲ. ಗಿರಾಕಿಗಳನ್ನು ಬಾಲ್ಕನಿಗೆ ಕರೆದೊಯ್ದು, ತಾವು ಮಾತ್ರ ಬಾಗಿಲ ಚೌಕಟ್ಟನ್ನು ಒಂದು ಕೈಯಲ್ಲಿ ಭದ್ರವಾಗಿ ಹಿಡಿದು, ಇನ್ನೊಂದು ಕೈಯನ್ನು ಹೆಗಲ ಮೇಲಿಂದ ಹಿಂದಕ್ಕೆ ಬೀಸಿ, "ಇಲ್ಲಿ ದಿನಾ ಎರಡು ಆಕಾಶ. ಒಂದು ಮೇಲೆ, ಒಂದು ಕೆಳಗೆ. ಏನಂತೀರಿ?" ಎನ್ನುತ್ತಿದ್ದರು. ಗಿರಾಕಿಗಳ ಕಣ್ಣು ನೀರಿನ ಮೇಲೆ, ಇವರ ಕಣ್ಣು ಗಿರಾಕಿಗಳ ಮೇಲೆ. ಇದೊಂದು ವ್ಯಾಪಾರದ ಚಾತುರ್ಯವೆಂದು ಉಳಿದ ದಲ್ಲಾಳಿಗಳು ನಂಬಿದ್ದರು; ಒಂದಿಬ್ಬರು ಹಾಗೇ ನಿಂತು ಅಭ್ಯಾಸವನ್ನೂ ಮಾಡಿದರಂತೆ. ಅದು ಬರಿಯ ಭಯವೆಂದು ಗೊತ್ತಿದ್ದದ್ದು ನನ್ನ ಅಕ್ಕನಿಗೆ, ಅವಳಿಂದ ನನಗೆ.

ಭಾವ ಎತ್ತರದ, ತೆಳ್ಳನೆಯ ಆಳು. ದಂಡೆಯ ಬೀದಿಯಲ್ಲಿ ನಡೆಯುವಾಗ ನೀರಿನ ಕಡೆಯ ಅಗಲವಾದ ಕಾಲುದಾರಿಯನ್ನು ಬಿಟ್ಟು, ಅಂಗಡಿಗಳ ಗೋಡೆಗೆ ಅಂಟಿಕೊಂಡೇ ಸಾಗುತ್ತಿದ್ದುದರಿಂದ ಅವರ ಬೂದುಬಣ್ಣದ ಕೋಟಿನ ಒಂದು ತೋಳು ಸವೆದು ನೂಲು ಕಾಣುತ್ತಿತ್ತು, ಇನ್ನೊಂದು ಹೊಸದರಂತಿತ್ತು. "ಏನಂತೀರಿ" ಎಂಬುದು ನಾಲಿಗೆಗೆ ಎಷ್ಟು ಹತ್ತಿತ್ತೆಂದರೆ ಹೆಂಡತಿಗೂ, ನನಗೂ, ಪಕ್ಕದ ಮನೆಯ ನಾಯಿಗೂ ಅದೇ ಬಹುವಚನ.

ಹಾಗೆಂದು ಅವರು ಸುಳ್ಳು ಹೇಳಿ ಮಾರುತ್ತಿರಲಿಲ್ಲ. ಬೇಸಿಗೆಯ ಸಂಜೆ ಇಡೀ ನಗರವೇ ಕಚೇರಿ ಮುಗಿಸಿ ಚಪ್ಪಲಿ ಕೈಯಲ್ಲಿ ಹಿಡಿದು ಮರಳಿಗಿಳಿಯುವ ಸೊಬಗು, ನೀರಿನ ಮೇಲಿಂದ ಬಂದು ಪರದೆಗಳನ್ನೆತ್ತುವ ತಂಗಾಳಿ, ರೈಲಿನಲ್ಲಿ ಸ್ವಲ್ಪ ದೂರ ಹೋದರೆ ಸಿಗುವ ಉಪನಗರಗಳ ನೆರಳಿನ ಬೀದಿಗಳು, ಪುಟ್ಟ ಕೈತೋಟಗಳು, ಇವೆಲ್ಲದರಲ್ಲೂ ಅವರಿಗೆ ನಿಜವಾದ ಅಭಿಮಾನವಿತ್ತು. ಆ ನೀರೊಂದನ್ನು ಬಿಟ್ಟು. ಅವರ ಪೈಕಿ ಯಾರೂ ಮುಳುಗಿ ಸತ್ತಿರಲಿಲ್ಲ, ದೋಣಿ ಮಗುಚಿದ ಕಥೆಯೂ ಇರಲಿಲ್ಲ. ಕೇಳಿದ್ದಕ್ಕೆ ಒಮ್ಮೆ ತಗ್ಗಿದ ದನಿಯಲ್ಲಿ, "ಸಮುದ್ರ ಗದ್ದಲ ಮಾಡಿ, ಹೇಳಿಯೇ ಮೇಲೆ ಬೀಳುತ್ತೆ. ಇದು ಸುಮ್ಮನೆ ಮಲಗಿರುತ್ತೆ. ಸುಮ್ಮನಿರೋರನ್ನ ಹೇಗೆ ನಂಬೋದು?" ಎಂದಿದ್ದರು.

ಮದುವೆಯಾದ ಮೇಲೆ ಅವರು ಸಂಸಾರ ಹೂಡಿದ್ದು ರೈಲು ನಿಲ್ದಾಣದ ಹಿಂದಿನ ಉಪನಗರದಲ್ಲಿ, ತಾರಸಿ ಹತ್ತಿ ಇಣುಕಿದರೂ ಸರೋವರ ಕಾಣದಂಥ ಮನೆಯಲ್ಲಿ. ಅಕ್ಕನಿಗೋ ನೀರೆಂದರೆ ಪ್ರಾಣ. "ಊರಿಗೆಲ್ಲ ನೀರು ತೋರಿಸ್ತೀರಿ, ನನ್ನ ಪಾಲಿಗೆ ಮಾತ್ರ ಎದುರುಮನೆ ಗೋಡೆ" ಎಂದು ವರ್ಷಗಟ್ಟಲೆ ಗೊಣಗಿದವಳು, ಮಗಳ ಮದುವೆಯಾಗಿ ಮನೆ ಬಿಕೋ ಎನ್ನತೊಡಗಿದಾಗ ಗೊಣಗುವುದನ್ನೂ ಬಿಟ್ಟಳು. ಅವಳ ಆ ಮೌನ ಭಾವನಿಗೆ ಸರೋವರಕ್ಕಿಂತ ಹೆಚ್ಚಿನ ಭಯ ಹುಟ್ಟಿಸಿರಬೇಕು. ದಂಡೆಯ ಕಟ್ಟಡವೊಂದರ ಮೂರನೆಯ ಮಹಡಿಗೆ ತಾವೇ ಮುಂದೆ ನಿಂತು ಸಾಮಾನು ಸಾಗಿಸಿದರು.

ಅಲ್ಲಿಗೆ ಹೋದವಳೇ ಅಕ್ಕ ಈಜು ಕಲಿತಳು. ದರ್ಜಿಯೊಬ್ಬಳು, ನಿವೃತ್ತ ನರ್ಸ್ ಒಬ್ಬಳು, ಹೀಗೆ ನಾಲ್ಕಾರು ಹೆಂಗಸರ ಜೊತೆ ಬೆಳಿಗ್ಗೆ ನೀರಿಗಿಳಿಯುವುದು ಅವಳ ರೂಢಿಯಾಯಿತು. ಭಾವ ಬೇಡವೆನ್ನಲಿಲ್ಲ. ಟವೆಲ್ಲನ್ನು ಎದೆಗವಚಿಕೊಂಡು ಹಿಂದೆಯೇ ಹೋದರು. ಬೆನ್ನು ತಿರುಗಿಸಿದರೆ ಈಜುವಾಗ ಅವಳು ಹಾಕಿಕೊಳ್ಳುವ ಕೆಂಪು ಟೊಪ್ಪಿಗೆ ಕಾಣದು. ಆದ್ದರಿಂದ ಜೀವಮಾನದಲ್ಲಿ ಮೊದಲ ಬಾರಿಗೆ ಆ ನೀರನ್ನು ದಿಟ್ಟಿಸುತ್ತ ನಿಂತರು. ಅವಳು ಮೇಲೆ ಬರುವವರೆಗೂ ಅವರ ತುಟಿಗಳಲ್ಲಿ ರಕ್ತವಿರುತ್ತಿರಲಿಲ್ಲ.

ನಾನು ರಜೆಗೆ ಹೋಗಿದ್ದಾಗಿನ ಮಾತು. ಒಂದು ಬೆಳಿಗ್ಗೆ ನಾನೂ ಭಾವನ ಜೊತೆ ದಂಡೆಯಲ್ಲಿ ನಿಂತಿದ್ದೆ; ಹೆಂಗಸರು ಈಜುತ್ತ ದೂರ ಹೋಗಿದ್ದರು. ಆಚೆ ದಡದಲ್ಲಿ ಬೆಳ್ಳಗೇನೋ ಕಂಡಿತು. ನೋಡುತ್ತಿದ್ದಂತೆ ಮಂಜು ನೀರಿನ ಮೇಲೆ ತೆವಳಿ ಬಂದು ಟೊಪ್ಪಿಗೆಗಳನ್ನು ಒಂದೊಂದಾಗಿ ನುಂಗಿತು. ಕಾಲ ಬುಡದ ಕಲ್ಲೂ ಮಸುಕಾಯಿತು. ಸದ್ದೆಂಬುದೇ ಇಲ್ಲ.

"ಇವಳೇ!" ಎಂದು ಕೂಗಿದರು ಭಾವ. "ಇವಳೇ! ಈ ಕಡೆ! ನಾನಿಲ್ಲಿದ್ದೀನಿ ಕಣೇ!" ಏಕವಚನದಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕೂಗುತ್ತ ಕೂಗುತ್ತ, ಕೋಟು ಬೂಟುಗಳ ಸಮೇತ, ನಾನು ಹಿಡಿಯುವ ಮೊದಲೇ ನೀರಿಗಿಳಿದುಬಿಟ್ಟರು. ಮೊಣಕಾಲು, ಸೊಂಟ, ಎದೆ. ದನಿ ಒಡೆದು ಅಳುವಿನಂತಾಯಿತು, ನಿಲ್ಲಲಿಲ್ಲ. ಆ ಕೂಗನ್ನೇ ಹಿಡಿದು ದರ್ಜಿ ಬಂದಳು. ನರ್ಸ್ ಬಂದಳು. ಮಂಜಿನಿಂದ ತಲೆಯೊಂದು ಮೂಡಿದಾಗಲೆಲ್ಲ ಭಾವ ಕೈ ಚಾಚುವರು. ಅದು ಅಕ್ಕನಲ್ಲವೆಂದು ತಿಳಿದಾಗ ಆ ಕೈ ಚಾಚಿದಲ್ಲೇ ನಿಲ್ಲುವುದು. ಎಲ್ಲರೂ ಬಂದರು. ಅಕ್ಕ ಬರಲಿಲ್ಲ. ಭಾವನ ಗಂಟಲಿನಿಂದ ಈಗ ಬರಿಯ ಗೊರಗೊರ ಸದ್ದು.

ಕೊನೆಗೆ, ನಾವಾರೂ ನೋಡದಿದ್ದ ಕಡೆಯಿಂದ, ಕೆಂಪು ಟೊಪ್ಪಿಗೆ ಬಂತು. ಅಕ್ಕ ದಿಕ್ಕು ತಪ್ಪಿ ನಡುನೀರಿಗೆ ಹೊರಟಿದ್ದಳಂತೆ. ಗಂಡನ ಕೋಟಿನ ಕಾಲರು ಹಿಡಿದು ದಡಕ್ಕೆಳೆಯುತ್ತ ಏದುಸಿರಿನಲ್ಲೇ ಬೈದಳು: "ಆ ಅರಚಾಟ ಕೇಳಿ ನೀವೇ ಮುಳುಗ್ತಿದ್ದೀರಿ ಅಂದ್ಕೊಂಡೆನಲ್ಲರೀ! ನಿಮ್ಮನ್ನ ಎತ್ತೋಣ ಅಂತ ತಿರುಗಿ ಬಂದೆ."

ಭಾವನಿಗೆ ನಗಲಾಗಲಿಲ್ಲ. ದಿನವಿಡೀ ಕಂಬಳಿ ಹೊದ್ದು ನಡುಗಿದರು. "ಇನ್ನು ಹೋಗಬೇಡ ಅಂದ್ರೆ ಹೋಗಲ್ಲ" ಎಂದಳು ಅಕ್ಕ, ಪಕ್ಕದಲ್ಲಿ ಕುಳಿತು. ಅವರು ಉಳಿದಿದ್ದಷ್ಟು ದನಿಯಲ್ಲಿ, "ಹೋಗು. ನಾನೂ ಬರ್ತೀನಿ" ಎಂದರು.

ಆ ಭಯ ಅವರನ್ನು ಕಡೆಯತನಕ ಬಿಡಲಿಲ್ಲ. ಹೆಚ್ಚಿತೆಂದೇ ಅಕ್ಕ ಹೇಳುತ್ತಾಳೆ. ನೀರಿನ ಊರುಗಳಿಗೆ ಜನ ನೀರಿನ ಆಸೆಯಿಂದ ಬರುತ್ತಾರೆ. ಆದರೆ ಅಂಥ ಆಸೆಯೇ ಇಲ್ಲದೆ, ಆಸೆಪಟ್ಟವರ ಹಿಂದೆ ಬಂದವರೂ ಕೆಲವರು ಆ ದಂಡೆಗಳಲ್ಲಿ ಇದ್ದೇ ಇರುತ್ತಾರೆ. ಅವರನ್ನು ಪುಕ್ಕಲರೆಂದು ನಗುವುದು ಸುಲಭ. ಭಯ ಹೋಗಲೆಂದು ಅವರು ಕಾಯುವುದಿಲ್ಲ, ಅದನ್ನು ಗೆದ್ದೆವೆಂದು ಹೇಳಿಕೊಳ್ಳುವುದೂ ಇಲ್ಲ. ಬೆಳಗಾದರೆ ಅದನ್ನು ಹೊತ್ತುಕೊಂಡೇ ಬಂದು ನಿಲ್ಲುತ್ತಾರೆ, ತಮ್ಮವರು ನೀರಿನಿಂದ ಮೇಲೆ ಬರುವವರೆಗೆ.