ಅಂಟಿಸಿದ ಮುನ್ನುಡಿ

ಮುನ್ನುಡಿಯಿಲ್ಲದ ಪುಸ್ತಕವು ತಲೆ ಬಾಚದೆ ಬೀದಿಗಿಳಿದ ಮನುಷ್ಯನಂತೆ ಎಂಬುದು ಪಂಡಿತರ ದೃಢವಾದ ಅಭಿಪ್ರಾಯ. ಊರಿನಲ್ಲಿ ಸ್ವಂತ ಖರ್ಚಿನಿಂದ ಪುಸ್ತಕ ಅಚ್ಚು ಹಾಕಿಸುವ ಲೇಖಕರೆಲ್ಲರೂ ಹಸ್ತಪ್ರತಿಯನ್ನು ಕಂಕುಳಲ್ಲಿ ಇರುಕಿಕೊಂಡು ಅವರ ಮನೆಯ ಮೆಟ್ಟಿಲು ಹತ್ತುತ್ತಿದ್ದರು. ಪಂಡಿತರು ಯಾರನ್ನೂ ಬರಿಗೈಯಲ್ಲಿ ಕಳಿಸಿದವರಲ್ಲ. ಹಲ್ಲಿನ ಡಾಕ್ಟರು ಬರೆದ ದೆವ್ವದ ಕಥೆಗಳಿಗೆ ಆತ್ಮದ ನಿತ್ಯತ್ವವನ್ನು ಕುರಿತು ಮುನ್ನುಡಿ ಬರೆದುಕೊಟ್ಟರು. ಬಸ್ ಡ್ರೈವರನ ಪ್ರೇಮಕವಿತೆಗಳಲ್ಲಿ ವಿರಹದ ಅವಸ್ಥೆಗಳನ್ನೆಲ್ಲ ಹುಡುಕಿ ತೆಗೆದರು. ಬಾಲ್ಕನಿಯಲ್ಲಿ ಟೊಮೆಟೊ ಬೆಳೆಯುವುದನ್ನು ಕಲಿಸುವ ಒಂದು ಕೈಪಿಡಿಯಲ್ಲಿ, ಬರೆದಾಕೆಗೇ ಗೊತ್ತಿಲ್ಲದಂತೆ ಅಡಗಿದ್ದ ಶಾಂತರಸವನ್ನು ಕಂಡು ಕಣ್ಣೊರೆಸಿಕೊಂಡರು. ಓದದೆಯೇ ಮುನ್ನುಡಿ ಬರೆಯುವವರು ಬಹಳ ಮಂದಿ. ಇವರಾದರೋ ಪ್ರತಿಯೊಂದು ಪುಟವನ್ನೂ ಓದಿ, ಮನನ ಮಾಡಿ, ಆಮೇಲೆ ಲೇಖನಿ ಹಿಡಿಯುವವರು. ಅನಾಹುತವಾದದ್ದು ಈ ಸದ್ಗುಣದಿಂದಲೇ.

ಅವರ ತಮ್ಮನ ಮಗಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸದಲ್ಲಿದ್ದಳು. ಗಿರಾಕಿಗಳು ಗೋಡೆಯ ಮೇಲಿನ ಸಣ್ಣಕ್ಷರಗಳನ್ನು ಓದಲಾರದೆ ತಡವರಿಸುವ ಬಿಡುವಿನಲ್ಲಿ ಅವಳ ತಲೆಯೊಳಗೆ ಒಂದು ಪತ್ತೇದಾರಿ ಕಾದಂಬರಿ ಬೆಳೆದುಬಿಟ್ಟಿತು. ರಂಗಮಂದಿರದ ಮಾಲೀಕನೊಬ್ಬ ಸತ್ತಿದ್ದಾನೆ. ಕೆಮ್ಮಿನ ಗುಳಿಗೆಯಲ್ಲಿ ಯಾರೋ ವಿಷ ಬೆರೆಸಿದ್ದಾರೆ. ಡಾಕ್ಟರ ಮೇಲೆ ಸಂಶಯ, ಹೆಂಡತಿಯ ಮೇಲೆ ಸಂಶಯ, ಅಡುಗೆಯವನ ಮೇಲಂತೂ ವಿಪರೀತ ಸಂಶಯ. ಗೋಡೆ ಗಡಿಯಾರಕ್ಕೆ ಕೀ ಕೊಡಲು ಬರುವ ಬಡಪಾಯಿ ರಿಪೇರಿಯವನನ್ನು ಮಾತ್ರ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೊಂದವನು ಅವನೇ. ಕೊನೆಯ ಪುಟದವರೆಗೆ ಅದು ತಿಳಿಯಕೂಡದು. ಕಾದಂಬರಿಯ ಜೀವವೆಲ್ಲ ಇದ್ದದ್ದು ಆ ಒಂದು ಗುಟ್ಟಿನಲ್ಲಿ. ಸ್ಕೂಟರ್ ಕೊಳ್ಳಲೆಂದು ಅವಳು ಕೂಡಿಟ್ಟ ಹಣವನ್ನೆಲ್ಲ ಆ ಗುಟ್ಟಿನ ಮೇಲೆಯೇ ಸುರಿದಿದ್ದಳು.

ಗ್ರಂಥಾಲಯದ ಸಭಾಂಗಣದಲ್ಲಿ ಸ್ವಂತ ಖರ್ಚಿನ ಲೇಖಕರ ಹೊಸ ಪುಸ್ತಕಗಳ ಮಾರಾಟವಿತ್ತು. ಅದರ ಹಿಂದಿನ ದಿನ ಮಧ್ಯಾಹ್ನ ಪ್ರೆಸ್ಸಿನಿಂದ ಪ್ರತಿಗಳು ಬಂದವು. ಪಂಡಿತರ ಮುನ್ನುಡಿಯನ್ನು ಅವಳು ನೋಡಿದ್ದು ಆಗಲೇ. ತಮ್ಮ ಬರಹದ ಕರಡನ್ನು ಅವರು ಬೇರೆಯವರ ಕೈಗೆ ಕೊಡುವವರಲ್ಲ. ನೇರವಾಗಿ ಪ್ರೆಸ್ಸಿಗೇ ಹೋಗಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಿದ್ದಿ ಬಂದಿದ್ದರು. ಒಂದೇ ಒಂದು ಅಚ್ಚಿನ ತಪ್ಪಿರಲಿಲ್ಲ. ಮೊದಲ ಪ್ಯಾರಾದಲ್ಲಿಯೇ ಹೀಗಿತ್ತು: 'ಹಂತಕನಾದ ಗಡಿಯಾರ ರಿಪೇರಿಯವನ ಪಾತ್ರಪೋಷಣೆಯು ಅತ್ಯಂತ ಗಂಭೀರವಾಗಿದೆ.'

ಅವಳು ಒಂದು ಪ್ರತಿಯನ್ನು ಹಿಡಿದುಕೊಂಡು ದೊಡ್ಡಪ್ಪನ ಮನೆಗೆ ಓಡಿದಳು.

"ದೊಡ್ಡಪ್ಪಾ, ಏನಿದು? ಕೊಲೆ ಮಾಡಿದ್ದು ಯಾರು ಅಂತ ಹೇಳೇಬಿಟ್ಟಿದ್ದೀರಲ್ಲ!"

"ಹೇಳದೆ ಇನ್ನೇನಮ್ಮ? ಅಷ್ಟು ಚೆನ್ನಾಗಿ ಬರೆದಿದ್ದೀಯ, ಅವನನ್ನು ಬಿಟ್ಟು ಅಡುಗೆಯವನನ್ನ ಹೊಗಳಲಾ?"

"ಯಾರು ಅಂತ ಗೊತ್ತಾದ ಮೇಲೆ ಯಾರ್ ಓದ್ತಾರೆ ಇದನ್ನ?"

"ಹಳೇ ಕಾವ್ಯಗಳಲ್ಲಿ ಯಾರು ಯಾರನ್ನ ಕೊಲ್ತಾರೆ ಅಂತ ಕೇಳೋರಿಗೆಲ್ಲ ಮೊದಲೇ ಗೊತ್ತಿತ್ತು. ಯಾರಾದರೂ ಎದ್ದು ಹೋದರಾ? ಸಹೃದಯನಿಗೆ ಬೇಕಾದ್ದು ಕೊಂದವನ ಹೆಸರಲ್ಲ ಕಣಮ್ಮ, ರಸ."

"ನನ್ನ ಓದುಗರಿಗೆ ಹೆಸರೇ ಬೇಕು ದೊಡ್ಡಪ್ಪ. ರಸ ಇದ್ರೂ ಆದೀತು, ಇಲ್ದಿದ್ರೂ ಆದೀತು."

ಹೀಗೆಂದವಳು ಅಲ್ಲಿಯೇ ಕುಳಿತು ಅತ್ತುಬಿಟ್ಟಳು. ಪಂಡಿತರಿಗೆ ವಾದ ಮಾಡುವವರನ್ನು ಎದುರಿಸಿ ಅಭ್ಯಾಸವಿತ್ತು, ಅಳುವವರನ್ನು ಎದುರಿಸಿ ಇರಲಿಲ್ಲ. ಆ ಹಾಳೆಗಳನ್ನು ಹರಿದು ತೆಗೆದುಬಿಡೆಂದು ತಾವೇ ಹೇಳಿದರು. ಆದರೆ ಹೊಲಿದ ಪುಸ್ತಕ ಅದು. ಮುನ್ನುಡಿಯನ್ನು ಕಿತ್ತರೆ ಮೊದಲ ಅಧ್ಯಾಯವೂ ಜೊತೆಗೆ ಕಳಚಿ ಬರುತ್ತಿತ್ತು.

ದಾರಿ ತೋರಿಸಿದವರು ದೊಡ್ಡಮ್ಮ. ಮುನ್ನುಡಿಯ ಹಾಳೆಗಳ ಅಂಚನ್ನು ಸೇರಿಸಿ ಒಂದು ಕಾಗದದ ಪಟ್ಟಿ ಅಂಟಿಸಿ, 'ಕಥೆ ಮುಗಿದ ಮೇಲೆ ತೆರೆಯಿರಿ' ಎಂದು ಬರೆದರಾಯಿತಲ್ಲ! ಕೂಡಲೇ ಒಲೆಯ ಮೇಲೆ ಮೈದಾ ಅಂಟು ಕುದಿಯಿತು. ಗಂಡನ ಕೈಗೆ ಕುಂಚ ಕೊಡುತ್ತ ಆಕೆ ಹೇಳಿದರು:

"ಮದುವೆ ಆದಾಗಿಂದ ಇವರ ಬಾಯಿ ಮುಚ್ಚಿಸೋಕೆ ಏನೆಲ್ಲ ಮಾಡಿ ನೋಡಿದೆ. ಒಂದು ಬಟ್ಟಲು ಮೈದಾ ಸಾಕಿತ್ತು ಅಂತ ಯಾರಿಗೆ ಗೊತ್ತಿತ್ತು?"

ಪಂಡಿತರು ಊಟದ ಮೇಜಿನ ಮುಂದೆ ಕುಳಿತು, ತಮ್ಮದೇ ವಾಕ್ಯಗಳನ್ನು ಒಂದೊಂದು ಪ್ರತಿಯಲ್ಲಿಯೂ ತಮ್ಮ ಕೈಯಾರೆ ಮುಚ್ಚಿದರು. ಮುಚ್ಚುವ ಮುನ್ನ ಪ್ರತಿ ಸಲವೂ ಒಮ್ಮೆ ಓದಿಕೊಳ್ಳುತ್ತಿದ್ದುದರಿಂದ ಕೆಲಸ ಬಹಳ ನಿಧಾನವಾಯಿತು.

ಮರುದಿನ ಬೆಳಗ್ಗೆ ಸಭಾಂಗಣದಲ್ಲಿ ದೆವ್ವಗಳೂ ಟೊಮೆಟೊಗಳೂ ಪ್ರೇಮಕವಿತೆಗಳೂ ಅಕ್ಕಪಕ್ಕದ ಮೇಜುಗಳ ಮೇಲೆ ಸಾಮರಸ್ಯದಿಂದ ಕುಳಿತಿದ್ದವು. ಪಂಡಿತರು ಆಸ್ಥಾನದಲ್ಲಿ ಕುಳಿತವರಂತೆ ತಮ್ಮನ ಮಗಳ ಪಕ್ಕದಲ್ಲಿ ಆಸೀನರಾಗಿದ್ದರು. ಬಾಗಿಲು ತೆರೆದೊಡನೆ ಬಂದವಳು ನಿವೃತ್ತ ನರ್ಸಮ್ಮ. ಪತ್ತೇದಾರಿ ಕಾದಂಬರಿಗಳನ್ನು ಕಡಲೆಕಾಯಿಯಂತೆ ತಿಂದು ಮುಗಿಸುವವಳು. ಆಕೆ ಚೆನ್ನಾಗಿದೆ ಎಂದರೆ ಗ್ರಂಥಾಲಯದ ಓದುಗರೆಲ್ಲ ಮುಗಿಬೀಳುವರು. ಮೂಗು ಮುರಿದಳೆಂದರೆ ಆ ಪುಸ್ತಕವನ್ನು ಯಾರೂ ಮೂಸಿಯೂ ನೋಡುವುದಿಲ್ಲ.

ನರ್ಸಮ್ಮ ಪುಸ್ತಕವನ್ನು ಕೈಗೆತ್ತಿಕೊಂಡಳು. ಕಾಗದದ ಪಟ್ಟಿಯನ್ನು ಕಂಡಳು. ಓದಿದಳು. ಮರುಕ್ಷಣವೇ ತಲೆಯಿಂದ ಹೇರ್‌ಪಿನ್ ಕಿತ್ತು, ಬ್ಯಾಂಡೇಜು ಬಿಚ್ಚುವ ಹಸ್ತಕೌಶಲದಿಂದ ಅದನ್ನು ಸರ್ರನೆ ಸೀಳಿದಳು.

"ಅಯ್ಯೋ, ಅದು ಆಮೇಲೆ ಓದೋದು ಅಮ್ಮ!" ಎಂದಳು ಲೇಖಕಿ.

"ಆಮೇಲೆ ಓದಿ ಅಂತ ಬರೆದರೆ ಈಗಲೇ ಓದ್ತಾರೆ ಕಣೇ. ಇಲ್ದಿದ್ರೆ ಮುನ್ನುಡೀನ ಯಾರು ಓದ್ತಿದ್ರು?"

ನರ್ಸಮ್ಮ ನಿಂತಲ್ಲಿಯೇ ಓದುತ್ತ ಹೋದಳು. ಮೇಜಿನ ಕೆಳಗೆ ಹುಡುಗಿಯ ಬೆರಳುಗಳು ದೊಡ್ಡಪ್ಪನ ತೋಳನ್ನು ಬಿಗಿಯಾಗಿ ಹಿಡಿದಿದ್ದವು. ಕೊನೆಗೆ ನರ್ಸಮ್ಮ ತಲೆಯೆತ್ತಿದಳು. ಕಣ್ಣಲ್ಲಿ ಮಿಂಚಿತ್ತು.

"ಇದನ್ನ ಬರೆದಿದ್ದು ನೀವೇನಾ ಸ್ವಾಮಿ? ಭಲೇ ಕಿಲಾಡಿ ನೀವು!"

ಆಯುಷ್ಯದಲ್ಲಿ ಯಾರಿಂದಲೂ ಆ ಬಿರುದು ಪಡೆಯದಿದ್ದ ಪಂಡಿತರು ಕಕ್ಕಾಬಿಕ್ಕಿಯಾದರು. "ಏನಂದಿರಿ?"

"ಗಡಿಯಾರದವನೇ ಕೊಂದ ಅಂತ ಬರೆದು, ಅದರ ಮೇಲೆ ಪಟ್ಟಿ ಬೇರೆ ಅಂಟಿಸಿದ್ದೀರ, ನಾವು ನಂಬಲಿ ಅಂತ! ಯಾರಾದ್ರೂ ನಿಜವಾದ ಕೊಲೆಗಾರನ್ನ ಮುನ್ನುಡೀಲೇ ಹೇಳ್ತಾರಾ? ನಾನೇನು ನಿನ್ನೆ ಮೊನ್ನೆ ಓದೋಕೆ ಶುರು ಮಾಡಿದವಳಾ? ಎಲ್ಲರ ಬಗ್ಗೆಯೂ ಬರೆದಿದ್ದೀರ, ಹಿಂದಿನ ರಟ್ಟಿನ ಮೇಲೆ ಸಂಶಯ ಇದೆ ಅಂತ ಹಾಕಿರೋ ಆ ಡಾಕ್ಟರ ಸುದ್ದಿ ಮಾತ್ರ ಎತ್ತೇ ಇಲ್ಲ. ಅಂದ್ಮೇಲೆ ಡಾಕ್ಟರೇ ಕೊಂದಿರೋದು. ಹೌದೋ ಅಲ್ವೋ?"

ಪಕ್ಕದ ಮೇಜಿನಲ್ಲಿ ಹಲ್ಲಿನ ಡಾಕ್ಟರು ಬೆಚ್ಚಿ ತಲೆಯೆತ್ತಿದರು. "ನೀವಲ್ಲ ಬಿಡಿ, ಕಥೇಲಿರೋರು," ಎಂದು ನರ್ಸಮ್ಮ ಸಮಾಧಾನಪಡಿಸಿದಳು.

ಪಂಡಿತರ ಬಾಯಿ ತೆರೆದುಕೊಂಡಿತು. ಅಪವ್ಯಾಖ್ಯಾನವನ್ನು ಕೇಳಿ ಸುಮ್ಮನಿದ್ದ ಚರಿತ್ರೆಯೇ ಅವರಿಗಿರಲಿಲ್ಲ. ಹಿಂದೊಮ್ಮೆ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಪಕ್ಕದ ಮಂಚದ ರೋಗಿ ಹಳೆಯ ಪದ್ಯವೊಂದಕ್ಕೆ ತಪ್ಪು ಅರ್ಥ ಹೇಳಿದನೆಂದು, ಬಾಯಿಯಲ್ಲಿದ್ದ ಥರ್ಮಾಮೀಟರನ್ನು ಹೊರತೆಗೆದು ತಿದ್ದಿದ್ದರು. ಈಗ ತಮ್ಮದೇ ಮಾತಿಗೆ, ಅದೂ ಹಗಲಿನಷ್ಟು ಸ್ಪಷ್ಟವಾಗಿ ಬರೆದ ಮಾತಿಗೆ, ಕಣ್ಣೆದುರಿಗೇ ಅಪಾರ್ಥ! ತಮ್ಮ ಮೇಲೆ ಕಪಟದ ಆರೋಪ! ತೋಳಿನ ಮೇಲಿನ ಬೆರಳುಗಳು ಇನ್ನೂ ಬಿಗಿಯಾದವು. ಪಂಡಿತರು ಹುಡುಗಿಯ ಮುಖ ನೋಡಿದರು. ಆಮೇಲೆ ಚಾವಣಿಯನ್ನು ನೋಡಿದರು. ಎಷ್ಟೋ ಆಚಾರ್ಯರ ಆತ್ಮಗಳು ಅಲ್ಲಿಂದ ತಮ್ಮನ್ನು ನೋಡುತ್ತಿರುವಂತೆ ಅವರಿಗೆ ಅನ್ನಿಸಿರಬೇಕು.

"ಇರಬಹುದು," ಎಂದರು.

"ನೋಡಿದ್ರಾ!" ಎಂದು ನರ್ಸಮ್ಮ ಗೆದ್ದ ಸಂತೋಷದಲ್ಲಿ ಒಂದು ಪ್ರತಿ ತನಗೆ, ಇನ್ನೊಂದು ತಂಗಿಗೆ ಕೊಂಡಳು. ಹೋಗುತ್ತ ಬಾಗಿಲಲ್ಲಿ ಎದುರಾದವರಿಗೆಲ್ಲ, "ಮೊದಲು ಪಟ್ಟಿ ಹರಿದು ಮುನ್ನುಡಿ ಓದಿ, ಆ ಮುದುಕರು ಹೇಗೆ ದಾರಿ ತಪ್ಪಿಸ್ತಾರೆ ನೋಡಿ," ಎಂದು ಸಾರಿಕೊಂಡೇ ಹೋದಳು. ಸ್ವಲ್ಪ ಹೊತ್ತಿನಲ್ಲಿ ಮೇಜಿನ ಮುಂದೆ ಸಾಲು ನಿಂತಿತು.

ಪಂಡಿತರು ಮಾತ್ರ ಮುಖ ಸಪ್ಪಗೆ ಮಾಡಿಕೊಂಡು ಕುಳಿತಿದ್ದರು. "ತಪ್ಪು ತಿಳ್ಕೊಂಡು ಹೋದಳಲ್ಲಮ್ಮ ಆ ಹೆಂಗಸು. ನಾನೂ ಹೂಂ ಅಂದುಬಿಟ್ಟೆ."

"ಬೇಜಾರು ಮಾಡ್ಕೋಬೇಡಿ ದೊಡ್ಡಪ್ಪ," ಎಂದಳು ಹುಡುಗಿ, ಚಿಲ್ಲರೆ ಕೊಡುತ್ತ. "ಕೊನೇ ಪುಟಕ್ಕೆ ಬಂದಾಗ ನೀವು ಹೇಳಿದ್ದೇ ಸರಿ ಅಂತ ಅವರಿಗೇ ಗೊತ್ತಾಗುತ್ತೆ."

ಪಂಡಿತರು ಈ ಮಾತನ್ನು ಸ್ವಲ್ಪ ಹೊತ್ತು ಮನನ ಮಾಡಿದರು. ಆಮೇಲೆ ಮುಂದಕ್ಕೆ ಬಾಗಿ, ಮೇಜಿನ ಮೇಲಿದ್ದ ಪ್ರತಿಗಳನ್ನು ಒಂದೊಂದಾಗಿ ಎತ್ತಿಕೊಂಡು, ಪಟ್ಟಿ ಚೆನ್ನಾಗಿ ಅಂಟಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡತೊಡಗಿದರು.