ಬ್ರೆಡ್ಡಿನ ಮೂಲೆಯ ಗುಳಿ

ನಮ್ಮ ಯಜಮಾನರದು ಬೇಕರಿ. ನನಗೆ ಸೀಲಿಯಾಕ್ ಕಾಯಿಲೆ; ಗೋಧಿಯೋ ಮೈದಾವೋ ಚಿಟಿಕೆಯಷ್ಟು ಹೊಟ್ಟೆಗೆ ಹೋದರೂ ಕರುಳು ಕೆಡುತ್ತದೆ. ಸುದ್ದಿ ಕೇಳಿದ ದಿನ ನಾದಿನಿ, "ಅತ್ತಿಗೆ, ನೀವು ದರ್ಜಿಯನ್ನ ಕಟ್ಕೊಂಡಿದ್ರೆ ಬದುಕ್ಕೊಳ್ತಿದ್ರಿ" ಎಂದು ನಕ್ಕಳು. ನಾನೂ ನಕ್ಕೆ. ಆಗಿನ್ನೂ ನಗುವಷ್ಟು ಮೈಯಲ್ಲಿ ಕಸುವಿತ್ತು.

ಬ್ರೆಡ್ ಬಿಡಲು ಮಾತ್ರ ಮನಸ್ಸಾಗಲಿಲ್ಲ. ಮನೆಯಲ್ಲೇ ಮಾಡತೊಡಗಿದೆ: ಅಕ್ಕಿ ಹಿಟ್ಟು, ಆಲೂಗೆಡ್ಡೆ ಪಿಷ್ಟ, ಈಸ್ಟ್, ಅಂಟಿಗೆ ಒಂದಿಷ್ಟು ಇಸಬ್‌ಗೋಲ್. ಪಾತ್ರೆ, ಜರಡಿ, ಚಾಕು ಎಲ್ಲ ಹೊಸದು. ಗೋಧಿ ಹಿಟ್ಟನ್ನು ಮನೆಯಿಂದಲೇ ಆಚೆ ಹಾಕಿದೆ. ಮೊದಲೆರಡು ಬ್ರೆಡ್ ಇಟ್ಟಿಗೆಯಾದವು, ಮೂರನೆಯದು ತಿನ್ನುವಂತಾಯಿತು. ಆಮೇಲೆ ದಿನ ಬಿಟ್ಟು ದಿನ ಮಾಡಿದೆ. ಎಲ್ಲದರಲ್ಲೂ ಒಂದೇ ಕುಂದು, ಮೇಲೆ ಮೂಲೆಯಲ್ಲೊಂದು ಗುಳಿ. ಓವನ್ನಿನ ಶಾಖ ಸರಿಯಿಲ್ಲವೆಂದು ಅದಕ್ಕೆ ಬೈದುಕೊಂಡು ಸುಮ್ಮನಾಗುತ್ತಿದ್ದೆ.

ಆರು ತಿಂಗಳಾದರೂ ಹೊಟ್ಟೆನೋವು ನಿಲ್ಲಲಿಲ್ಲ. ತೂಕ ಇನ್ನೂ ಐದು ಕಿಲೋ ಇಳಿಯಿತು. ಇಳಿಯಬೇಕಿದ್ದ ರಕ್ತ ಪರೀಕ್ಷೆಯ ಅಂಕಿ ಇದ್ದಲ್ಲೇ ಇತ್ತು. ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿ, "ಎಲ್ಲಿಂದಲೋ ಗೋಧಿ ಹೋಗ್ತಾ ಇದೆ. ಹೀಗೇ ಆದ್ರೆ ಆಸ್ಪತ್ರೆಗೆ ಸೇರಿಸ್ಬೇಕಾಗತ್ತೆ. ನಿಜ ಹೇಳಿ, ಕದ್ದು ಏನಾದ್ರೂ ತಿಂತೀರಾ?" ಎಂದರು.

"ಇಲ್ಲ" ಎಂದೆ.

ಹೊರಗೆ ಮೆಟ್ಟಿಲಿಳಿಯುವಾಗ ಇವರು ಮೆಲ್ಲಗೆ, "ತಿಂದಿದ್ರೆ ಹೇಳ್ಬಿಡೇ. ನಾನೇನೂ ಬೈಯಲ್ಲ" ಎಂದರು.

ಮೈಯೆಲ್ಲ ಉರಿಯಿತು. ಇಪ್ಪತ್ತೆರಡು ವರ್ಷ ಜೊತೆಯಲ್ಲಿ ಬಾಳಿದ ಮನುಷ್ಯ! ಡಾಕ್ಟರಮ್ಮ ಕೇಳಿದ್ದು ಅವರ ಕೆಲಸ. ಇವರ ಮಾತಿಗೆ ನೊಂದೆ. ಮೂರು ದಿನ ಎಷ್ಟು ಬೇಕೋ ಅಷ್ಟೇ ಮಾತಾಡಿದೆ.

ನಾಲ್ಕನೆಯ ದಿನ ಮಧ್ಯಾಹ್ನ ಕಲಸಿದ ಹಿಟ್ಟನ್ನು ಅಚ್ಚಿಗೆ ಹಾಕಿ, ಬಟ್ಟೆ ಮುಚ್ಚಿ, ಉಬ್ಬಲೆಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಎಂದಿನಂತೆ ಒಳಗೆ ಮಲಗಿದೆ. ನಿದ್ದೆ ಹತ್ತಲಿಲ್ಲ. ಇವರು ಊಟಕ್ಕೆಂದು ಹಿಂಬಾಗಿಲಿನಿಂದ ಬಂದ ಸದ್ದಾಯಿತು. ನೀರು ಕುಡಿಯಲು ಎದ್ದವಳು ಅಡುಗೆಮನೆಯ ಬಾಗಿಲಲ್ಲೇ ನಿಂತೆ.

ಇವರು ಬಟ್ಟೆಯ ತುದಿ ಎತ್ತಿ ಇಣುಕುತ್ತಿದ್ದರು. ಹಿಟ್ಟು ಅಂಟಬಾರದೆಂದು ತೋರುಬೆರಳನ್ನು ಅಂಗಡಿಯ ಏಪ್ರನ್ನಿಗೆ ಒಮ್ಮೆ ಒರೆಸಿದರು. ಏಪ್ರನ್ ತುಂಬ ಮೈದಾ. ಆ ಬೆರಳನ್ನು ನನ್ನ ಹಿಟ್ಟಿನ ಮೂಲೆಗೆ ಒತ್ತಿ, ಮೇಲೇಳುತ್ತದೋ ಎಂದು ಕಾಯುತ್ತ ನಿಂತರು.

"ರೀ!"

ಬೆಚ್ಚಿಬಿದ್ದರು. "ಏನಿಲ್ಲ ಕಣೇ, ಉಬ್ಬಿದ್ಯಾ ಅಂತ ನೋಡ್ದೆ. ನೀನು ಹಿಟ್ಟಿಟ್ಟಾಗೆಲ್ಲ ನೋಡ್ತೀನಲ್ಲ, ಚೆನ್ನಾಗಿ ಬರ್ಲಿ ಅಂತ."

"ಇಟ್ಟಾಗೆಲ್ಲಾನಾ?"

ಹತ್ತಿರ ಹೋಗಿ ನೋಡಿದೆ. ಗುಳಿ ಹಾಗೇ ಇತ್ತು, ಅಂಚಿಗೆ ಬಿಳಿ ಪುಡಿ. ಮೈದಾ ಹಿಟ್ಟಾಗಿದ್ದರೆ ಒತ್ತಿದ ಜಾಗ ತಾನೇ ತುಂಬಿಕೊಳ್ಳುತ್ತಿತ್ತು, ಯಾರ ಬೆರಳೂ ಗೊತ್ತಾಗುತ್ತಿರಲಿಲ್ಲ. ನನ್ನದರಲ್ಲಿ ಗೋಧಿಯ ಆ ಜಿಗುಟಿಲ್ಲ. ಒತ್ತಿದ್ದು ಒತ್ತಿದ ಹಾಗೇ ಉಳಿಯುತ್ತದೆ. ಪಾಪ, ಓವನ್ನಿಗೆ ಆರು ತಿಂಗಳು ಸುಮ್ಮಸುಮ್ಮನೆ ಬೈದಿದ್ದೆ.

"ಕದ್ದು ತಿನ್ನಿಸ್ತಿದ್ದೋರು ಸಿಕ್ಕಿದ್ರು ನೋಡಿ" ಎಂದೆ.

ಇವರು ಬೆರಳು ನೋಡಿಕೊಂಡರು, ಏಪ್ರನ್ ನೋಡಿಕೊಂಡರು. ಮುಖ ಸಪ್ಪಗಾಯಿತು. ಮೂವತ್ತು ವರ್ಷ ಹಿಟ್ಟು ನಾದಿದ ಕೈ, ಹಿಟ್ಟು ಕಂಡರೆ ಸುಮ್ಮನಿರುವುದಿಲ್ಲ. ಅದು ನನಗೂ ಗೊತ್ತು. ಆದರೂ ಬಿಡಲಿಲ್ಲ, ಮೆಟ್ಟಿಲ ಮೇಲೆ ಅಂದದ್ದನ್ನೂ ಸೇರಿಸಿ ಚೆನ್ನಾಗಿ ಬೈದೆ. ಇವರೇ ಹಿಟ್ಟನ್ನು ಕಸದ ಬುಟ್ಟಿಗೆ ಬಗ್ಗಿಸಿ, ಅಚ್ಚನ್ನು ಮೂರು ಸಲ ತೊಳೆದರು.

ಅಂದಿನಿಂದ ಏಪ್ರನ್ ಅಂಗಡಿಯಲ್ಲೇ ಉಳಿಯುತ್ತದೆ. ಊಟಕ್ಕೆ ಬಂದವರು ಮೊದಲು ಸ್ನಾನ ಮಾಡುತ್ತಾರೆ. ಆಮೇಲೂ ಅಡುಗೆಮನೆಯ ಹೊಸ್ತಿಲಾಚೆ ಕೈ ಹಿಂದೆ ಕಟ್ಟಿ ನಿಂತು, "ನೀನೇ ಒಂಚೂರು ಒತ್ತಿ ನೋಡೇ" ಎನ್ನುತ್ತಾರೆ. ಒತ್ತಿ ತೋರಿಸುತ್ತೇನೆ.

ಮೂರು ತಿಂಗಳ ಮೇಲೆ ಅಂಕಿ ಅರ್ಧಕ್ಕಿಳಿಯಿತು. ಡಾಕ್ಟರಮ್ಮ ಚೀಟಿ ನೋಡಿ, "ಅಂತೂ ಕೊನೆಗೆ ಬಿಟ್ರಲ್ಲ" ಎಂದು ನನ್ನತ್ತ ನಕ್ಕರು.

ನಾನು ಬಾಯಿ ತೆರೆಯುವ ಮೊದಲೇ ಇವರು ಕುರ್ಚಿಯಿಂದ ಎದ್ದು ನಿಂತರು.

"ಅವಳಲ್ಲ ಡಾಕ್ಟ್ರೇ. ಬಿಟ್ಟಿದ್ದು ನಾನು."